ಜಡಾನಿಲಗಳ ಶೋಧಕ ಮೋರಿಸ್ ಟ್ರಾವರ್ಸ್: ವಿಜಾಪುರದ ಗ್ರಹಣದಿಂದ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರೆಗೆ

೧. ಪ್ರಸ್ತಾವನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಇತಿಹಾಸವನ್ನು ಬರೆಯಹೊರಟವರು ಶಿಲಾಶಾಸನಗಳಿಂದ ಆರಂಭಿಸಿ, ಕಲ್ಯಾಣದ ಚಾಲುಕ್ಯರು, ಕಳಚುರ್ಯರು, ಶರಣರು, ಆದಿಲಶಾಹಿ ಸುಲ್ತಾನರು ಎಂಬ ಕ್ರಮದಲ್ಲಿ ಮುಂದುವರಿದು, ಬ್ರಿಟಿಷ್ ಆಡಳಿತದ ಕಂದಾಯದ ವಿವರಗಳಲ್ಲಿ ಮುಗಿಸುವುದು ವಾಡಿಕೆಯಾಗಿದೆ. ಈ ನೆಲಕ್ಕೂ ವಿಜ್ಞಾನದ ಇತಿಹಾಸಕ್ಕೂ ಸಂಬಂಧವುಂಟೆಂಬ ಮಾತು ಅಂತಹ ಗ್ರಂಥಗಳಲ್ಲಿ ಕಾಣುವುದು ವಿರಳ. ಇತ್ತ ಇದೇ ತಾಲೂಕುಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಕೊಠಡಿಯ ಗೋಡೆಗೆ ಆವರ್ತ ಕೋಷ್ಟಕವನ್ನು ತೂಗುಹಾಕಿರುತ್ತಾರೆ. ಅದರ ಬಲತುದಿಯ ಸಾಲಿನಲ್ಲಿ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಹೆಸರುಗಳು ಒಂದರ ಕೆಳಗೊಂದು ನಿಂತಿವೆ. ವಿದ್ಯಾರ್ಥಿಗಳು ಅವುಗಳ ಪರಮಾಣು ಭಾರವನ್ನು ಕಂಠಪಾಠ ಮಾಡುತ್ತಾರೆ. ಆದರೆ ಆ ಸಾಲಿನ ಮೊದಲನೆಯ ಮೂಲವಸ್ತುವಿನ ಸುಳಿವನ್ನು ಕೊಟ್ಟ ಗ್ರಹಣವು ತಮ್ಮ ಊರಿನ ಆಕಾಶದಲ್ಲಿಯೇ ನಡೆಯಿತೆಂಬುದಾಗಲಿ, ಅದೇ ಸಾಲಿನ ಮೂರು ಮೂಲವಸ್ತುಗಳನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಸುಮಾರು ಎಂಟು ವರ್ಷ ಕಳೆದರೆಂಬುದಾಗಲಿ ಅವರಿಗೆ ತಿಳಿದಿರುವುದಿಲ್ಲ. ಇತಿಹಾಸವನ್ನು ಬೋಧಿಸುವ ನಾವೂ ಅದನ್ನು ಅವರಿಗೆ ತಿಳಿಸಿಲ್ಲ.

ಆ ಮಹನೀಯರು ಮೋರಿಸ್ ವಿಲಿಯಂ ಟ್ರಾವರ್ಸ್. ನಿರವಯವ ರಸಾಯನಶಾಸ್ತ್ರದಲ್ಲಿ ಅವರ ಹೆಸರು ಶಾಶ್ವತವಾಗಿ ನಿಂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲನೆಯ ನಿರ್ದೇಶಕರೂ ಅವರೇ. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದಾಗ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಮೂರು ಮೂಲವಸ್ತುಗಳ ಶೋಧದಲ್ಲಿ ಪಾಲುಗೊಂಡ ವ್ಯಕ್ತಿಯು ಮೂವತ್ತನಾಲ್ಕರಿಂದ ನಲವತ್ತೆರಡರವರೆಗಿನ ಫಲವತ್ತಾದ ಕಾಲವನ್ನು ಕನ್ನಡ ನಾಡಿನಲ್ಲಿ ಕಳೆದು, ಇಲ್ಲಿ ಹೊಸದೇನನ್ನೂ ಕಂಡುಹಿಡಿಯದೆ, ಮನಸ್ತಾಪದಿಂದ ರಾಜೀನಾಮೆಯಿತ್ತು ಹೊರಟುಹೋದರು. ಆ ಎಂಟು ವರ್ಷಗಳು ವ್ಯರ್ಥವಾದುವೇ? ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ವಿಜಾಪುರದ ಆಕಾಶ

ಟ್ರಾವರ್ಸರು ಹುಟ್ಟುವುದಕ್ಕೆ ಮೂರೂವರೆ ವರ್ಷ ಮುಂಚೆ, ೧೮೬೮ನೆಯ ಆಗಸ್ಟ್ ೧೮ರಂದು, ಒಂದು ಖಗ್ರಾಸ ಸೂರ್ಯಗ್ರಹಣ ಸಂಭವಿಸಿತು. ಅದರ ನೆರಳು ಪಶ್ಚಿಮ ಕರಾವಳಿಯಿಂದ ದಖ್ಖನ್ನಿನ ಮೇಲೆ ಹಾಯ್ದು ಮಚಲೀಪಟ್ಟಣದ ಕಡೆಗೆ ಸಾಗಿತು. ನೆರಳಿನ ಪಟ್ಟಿಯು ಇನ್ನೂರು ಕಿಲೋಮೀಟರಿಗೂ ಹೆಚ್ಚು ಅಗಲವಾಗಿದ್ದುದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ನಾಲ್ಕೂ ಅದರೊಳಗೆ ಬಿದ್ದುವು. ಆಗ ಈ ತಾಲೂಕುಗಳು ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿದ್ದುವು. ಜಿಲ್ಲೆಯ ಮುಖ್ಯಸ್ಥಾನವು ವಿಜಾಪುರಕ್ಕೆ ಬಂದುದು ೧೮೮೫ರಲ್ಲಿ. ಹಾಳುಬಿದ್ದ ಅರಮನೆಗಳ ನಡುವಣ ಆ ಊರಿಗೆ ಗ್ರಹಣವನ್ನು ನೋಡಲೆಂದು ಕ್ಯಾಪ್ಟನ್ ಹೇಗ್ ಎಂಬ ಸೈನ್ಯದ ಇಂಜಿನಿಯರರು ರೋಹಿತದರ್ಶಕ ಯಂತ್ರದೊಡನೆ ಬಂದಿಳಿದಿದ್ದರು. ನೆರೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೀಡುಬಿಟ್ಟಿದ್ದರು. ಪ್ರಖ್ಯಾತ ಜ್ಯೋತಿರ್ವಿಜ್ಞಾನಿ ವಿಲಿಯಂ ಹರ್ಷೆಲರ ಮೊಮ್ಮಗ ಇವರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್‌ಸೆನ್ ಮತ್ತು ಮೇಜರ್ ಟೆನೆಂಟ್ ಇದ್ದರು.

ಸೂರ್ಯನ ಅಂಚಿನಲ್ಲಿ ಗ್ರಹಣಕಾಲದಲ್ಲಿ ಕಾಣುವ ಕೆಂಪು ಜ್ವಾಲೆಗಳು ಯಾವ ವಸ್ತುವಿನಿಂದಾದುವು ಎಂಬುದು ಅಂದಿನ ಪ್ರಶ್ನೆ. ಕಾದ ಘನವಸ್ತುವಿನ ಬೆಳಕನ್ನು ರೋಹಿತದರ್ಶಕದಲ್ಲಿ ಹಾಯಿಸಿದರೆ ಬಣ್ಣಗಳು ಎಡೆಬಿಡದೆ ಹರಡಿಕೊಳ್ಳುತ್ತವೆ. ಕಾದ ಅನಿಲದ ಬೆಳಕಾದರೋ ಬಿಡಿಬಿಡಿಯಾದ ಹೊಳೆವ ಗೆರೆಗಳಾಗಿ ಒಡೆಯುತ್ತದೆ. ಒಂದೊಂದು ಮೂಲವಸ್ತುವಿಗೂ ತನ್ನದೇ ಆದ ಗೆರೆಗಳಿವೆ. ಅವು ಅದರ ಹಸ್ತಾಕ್ಷರವಿದ್ದಂತೆ. ಮಳೆಗಾಲದ ಮೋಡಗಳು ವಿಜಾಪುರ ಜಮಖಂಡಿಗಳೆರಡರಲ್ಲಿಯೂ ಕಾಡಿದುವು. ಆದರೂ ಮೋಡದ ಎಡೆಯಿಂದ ದೊರೆತ ಅಲ್ಪಾವಕಾಶದಲ್ಲಿ ಹೇಗ್ ಅವರು ಒಂದು ಗುಲಾಬಿಗೆಂಪು ಪಟ್ಟೆಯನ್ನೂ ಒಂದು ತಿಳಿ ಹೊಂಬಣ್ಣದ ಪಟ್ಟೆಯನ್ನೂ ಸ್ಪಷ್ಟವಾಗಿ ಕಂಡರು. ಹರ್ಷೆಲರಿಗೆ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಗೆರೆಗಳು ಕಂಡುವು. ಜ್ವಾಲೆಗಳು ಅನಿಲರೂಪದವೆಂಬುದು ಇದರಿಂದ ಸಿದ್ಧವಾಯಿತು. ಕೆಂಪು ಗೆರೆಯು ಜಲಜನಕದ್ದೆಂದು ತಿಳಿಯಿತು. ಹೊಂಬಣ್ಣದ ಗೆರೆಯನ್ನು ಮೊದಮೊದಲು ಬಹುಮಟ್ಟಿಗೆ ಸೋಡಿಯಂ ಲೋಹದ್ದೆಂದು ಭಾವಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಅವರು ಗ್ರಹಣವಿಲ್ಲದ ವೇಳೆಯಲ್ಲಿಯೇ ಆ ಗೆರೆಯನ್ನು ಪರೀಕ್ಷಿಸಿ, ಅದು ಸೋಡಿಯಮ್ಮಿನ ಗೆರೆಗಳ ಸ್ಥಾನದಲ್ಲಿಲ್ಲವೆಂದು ಕಂಡುಕೊಂಡರು. ಭೂಮಿಯ ಮೇಲೆ ಯಾರೂ ಅರಿಯದ ಮೂಲವಸ್ತುವೊಂದು ಸೂರ್ಯನಲ್ಲಿದೆಯೆಂಬ ವಿಚಾರ ಹೀಗೆ ಹುಟ್ಟಿತು. ಗ್ರೀಕರ ಸೂರ್ಯನಾಮದಿಂದ ಅದಕ್ಕೆ ಹೀಲಿಯಂ ಎಂಬ ಹೆಸರು ಬಂದಿತು. ಇಂದಿನ ತಿಳಿವಳಿಕೆಯಿಂದ ನೋಡಿದರೆ ವಿಜಾಪುರದ ಮೋಡಗಳೆಡೆಯಲ್ಲಿ ಕಂಡ ಹೊಂಬಣ್ಣವು ಹೀಲಿಯಮ್ಮಿನದೇ.

ಆ ವಸ್ತುವು ಭೂಮಿಯ ಮೇಲೆ ಮನುಷ್ಯನ ಕೈಗೆ ಸಿಕ್ಕುವುದಕ್ಕೆ ಇಪ್ಪತ್ತೇಳು ವರ್ಷ ಬೇಕಾಯಿತು. ೧೮೯೫ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರಾಮ್‌ಸೇ ಅವರು ಕ್ಲೀವೈಟ್ ಎಂಬ ಯುರೇನಿಯಂ ಖನಿಜದಿಂದ ಬಿಡಿಸಿದ ಅನಿಲದಲ್ಲಿ ಅದೇ ಹೊಂಬಣ್ಣದ ಗೆರೆಯನ್ನು ಕಂಡರು. ಅದೇ ಪ್ರಯೋಗಶಾಲೆಯಲ್ಲಿ ಆಗ ಕೆಲಸಮಾಡುತ್ತಿದ್ದ ತರುಣ ಬೋಧಕರಲ್ಲಿ ಟ್ರಾವರ್ಸ್ ಒಬ್ಬರು.

೩. ಬಾಲ್ಯ ಮತ್ತು ವಿದ್ಯಾಭ್ಯಾಸ

ಟ್ರಾವರ್ಸರು ೧೮೭೨ನೆಯ ಜನವರಿ ೨೪ರಂದು ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ಜನಿಸಿದರು. ತಂದೆ ವೈದ್ಯರು. ಬಾಲಕನು ಬ್ಲಂಡೆಲ್ಸ್ ಶಾಲೆಯಲ್ಲಿ ಓದಿ, ೧೮೮೯ರಲ್ಲಿ ಯೂನಿವರ್ಸಿಟಿ ಕಾಲೇಜನ್ನು ಸೇರಿ, ೧೮೯೩ರಲ್ಲಿ ಪದವಿ ಪಡೆದನು. ಮರುವರ್ಷ ಸಾವಯವ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂದು ಫ್ರಾನ್ಸಿನ ನಾನ್ಸಿ ನಗರಕ್ಕೆ ಹೋಗಿ ಹಾಲೆರ್ ಎಂಬ ಆಚಾರ್ಯರಲ್ಲಿ ಕೆಲಸಕ್ಕೆ ತೊಡಗಿದುದುಂಟು. ಆದರೆ ಅದೇ ವರ್ಷ ಲಂಡನ್ನಿಗೆ ಮರಳಿ ರಾಮ್‌ಸೇಯವರ ಕೈಕೆಳಗೆ ಬೋಧಕ ವೃತ್ತಿಯನ್ನು ಸ್ವೀಕರಿಸಿದರು. ಈ ಹಿಂದಿರುಗುವಿಕೆಯೇ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತು.

ಏಕೆಂದರೆ ಆ ೧೮೯೪ನೆಯ ವರ್ಷದಲ್ಲಿಯೇ ರಾಮ್‌ಸೇಯವರೂ ಭೌತವಿಜ್ಞಾನಿ ರ‍್ಯಾಲೀ ಅವರೂ ವಾಯುವಿನಲ್ಲಿ ಒಂದು ಹೊಸ ಅನಿಲವನ್ನು ಕಂಡುಹಿಡಿದಿದ್ದರು. ಅದರ ಕಥೆ ಪ್ರಯೋಗನಿಷ್ಠೆಗೆ ಒಳ್ಳೆಯ ನಿದರ್ಶನ. ವಾಯುವಿನಿಂದ ಪಡೆದ ಸಾರಜನಕವು ಲೀಟರಿಗೆ ೧.೨೫೭ ಗ್ರಾಂ ತೂಗಿದರೆ, ರಾಸಾಯನಿಕ ಸಂಯುಕ್ತಗಳಿಂದ ಪಡೆದ ಸಾರಜನಕವು ೧.೨೫೦ ಗ್ರಾಂ ಮಾತ್ರ ತೂಗುತ್ತಿತ್ತು. ನೂರಕ್ಕೆ ಅರ್ಧದಷ್ಟು ಈ ವ್ಯತ್ಯಾಸವನ್ನು ತೂಕದ ತಪ್ಪೆಂದು ತಳ್ಳಿಹಾಕದೆ ಬೆನ್ನುಹತ್ತಿದುದರ ಫಲವೇ ಆರ್ಗಾನ್. ಅದು ವಾಯುವಿನಲ್ಲಿ ಸುಮಾರು ನೂರಕ್ಕೆ ಒಂದು ಭಾಗದಷ್ಟಿದೆ. ಯಾವ ವಸ್ತುವಿನೊಡನೆಯೂ ಕೂಡದು. ಆದುದರಿಂದಲೇ ಅದಕ್ಕೆ ಸೋಮಾರಿ ಎಂಬರ್ಥದ ಗ್ರೀಕ್ ಹೆಸರು. ಮರುವರ್ಷ ಹೀಲಿಯಂ ದೊರೆತಾಗ ಆವರ್ತ ಕೋಷ್ಟಕದಲ್ಲಿ ಒಂದು ಹೊಸ ಸಾಲೇ ತೆರೆಯಿತು. ಹೀಲಿಯಮ್ಮಿನ ಪರಮಾಣು ಭಾರ ೪, ಆರ್ಗಾನಿನದು ೪೦. ಇವೆರಡರ ನಡುವೆ ೨೦ರ ಸಮೀಪದ ಭಾರವುಳ್ಳ ಇನ್ನೊಂದು ಅನಿಲ ಇರಲೇಬೇಕೆಂದು ರಾಮ್‌ಸೇಯವರು ೧೮೯೭ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಕೂಡಿದ ವಿಜ್ಞಾನಿಗಳ ಸಭೆಯಲ್ಲಿ ಸಾರಿದರು.

ಇಲ್ಲದ ವಸ್ತುವಿಗಾಗಿ ಹುಡುಕುವ ಕೆಲಸವು ಬಹುಪಾಲು ಟ್ರಾವರ್ಸರ ಪಾಲಿಗೆ ಬಂದಿತು. ಹತ್ತಾರು ಖನಿಜಗಳನ್ನು ಕಾಯಿಸಿ ಅನಿಲವನ್ನು ಹೀರಿ ಪರೀಕ್ಷಿಸಿದರು. ಉಲ್ಕಾಶಿಲೆಯನ್ನೂ ಬಿಡಲಿಲ್ಲ. ಹೊಸದೇನೂ ಸಿಕ್ಕಲಿಲ್ಲ. ಆದರೆ ಈ ಬರಿದಾದ ವರ್ಷಗಳಲ್ಲಿ ಟ್ರಾವರ್ಸರು ಗಾಜನ್ನು ಊದಿ ಉಪಕರಣ ಮಾಡುವುದರಲ್ಲಿಯೂ, ಒಂದು ಗುಳ್ಳೆಯಷ್ಟು ಅನಿಲವನ್ನು ಪಾದರಸದ ಮೇಲೆ ಕಳೆದುಕೊಳ್ಳದೆ ಸಾಗಿಸಿ ಅಳೆಯುವುದರಲ್ಲಿಯೂ ಅಸಾಧಾರಣವಾದ ಕೈಚಳಕವನ್ನು ಸಂಪಾದಿಸಿದರು. ಮುಂದಿನ ಯಶಸ್ಸೆಲ್ಲಕ್ಕೂ ಈ ಕೈಚಳಕವೇ ಬುನಾದಿಯಾಯಿತು.

೪. ೧೮೯೮ರ ಬೇಸಿಗೆ

ಖನಿಜಗಳು ಕೈಕೊಟ್ಟ ಮೇಲೆ ವಾಯುವನ್ನೇ ಶೋಧಿಸುವುದೆಂದು ನಿರ್ಧಾರವಾಯಿತು. ವಾಯುವನ್ನು ಅತಿಯಾಗಿ ತಂಪುಮಾಡಿ ದ್ರವವನ್ನಾಗಿಸಿದರೆ ಅದರಲ್ಲಿಯ ಅನಿಲಗಳು ಬೇರೆ ಬೇರೆ ಉಷ್ಣತೆಯಲ್ಲಿ ಕುದಿದು ಒಂದೊಂದಾಗಿ ಆವಿಯಾಗುತ್ತವೆ. ಬೇಗ ಕುದಿಯುವುದು ಮೊದಲು ಹೋಗುತ್ತದೆ. ತಡವಾಗಿ ಕುದಿಯುವುದು ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಇದು ಭಟ್ಟಿಯಿಳಿಸುವ ಹಳೆಯ ಉಪಾಯವೇ. ಆದರೆ ಸೊನ್ನೆಗಿಂತ ನೂರೆಂಬತ್ತು, ನೂರತೊಂಬತ್ತು ಡಿಗ್ರಿ ಕೆಳಗೆ ನಡೆಯತಕ್ಕದ್ದು. ಇದಕ್ಕೆ ಬೇಕಾದ ದ್ರವವಾಯುವನ್ನು ಸಿದ್ಧಪಡಿಸುವ ಯಂತ್ರವನ್ನು ವಿಲಿಯಂ ಹ್ಯಾಂಪ್ಸನ್ ಎಂಬವರು ನಿರ್ಮಿಸಿದ್ದರು. ೧೮೯೮ರ ಮೇ ತಿಂಗಳ ಕೊನೆಯಲ್ಲಿ ಅವರು ಒಂದು ಲೀಟರಿಗಿಂತಲೂ ಕಡಿಮೆಯಾದ ದ್ರವವಾಯುವನ್ನು ರಾಮ್‌ಸೇಯವರಿಗೆ ಒದಗಿಸಿದರು.

ಅದರ ಬಹುಭಾಗವನ್ನು ಆವಿಯಾಗಿ ಹೋಗಲು ಬಿಟ್ಟು, ತಳದಲ್ಲಿ ಉಳಿದುದರಿಂದ ಆಮ್ಲಜನಕ ಸಾರಜನಕಗಳನ್ನು ತೆಗೆದು, ಮಿಕ್ಕ ಅನಿಲವನ್ನು ನಳಿಗೆಯಲ್ಲಿ ತುಂಬಿ ವಿದ್ಯುತ್ತನ್ನು ಹಾಯಿಸಿದಾಗ, ಹಿಂದೆ ಯಾರೂ ಕಾಣದ ಒಂದು ಹಳದಿ ಗೆರೆಯೂ ಒಂದು ಹಸಿರು ಗೆರೆಯೂ ಹೊಳೆದುವು. ಗುರುಶಿಷ್ಯರಿಬ್ಬರೂ ರಾತ್ರಿ ಬಹುಹೊತ್ತಿನವರೆಗೆ ಅದರ ಸಾಂದ್ರತೆಯನ್ನು ಅಳೆಯುತ್ತ ಕುಳಿತರು. ಮಾರನೆಯ ದಿನ ಟ್ರಾವರ್ಸರಿಗೆ ಡಾಕ್ಟರ್ ಪದವಿಯ ಪರೀಕ್ಷೆಯಿದ್ದುದು ಇಬ್ಬರಿಗೂ ಬಹುತೇಕ ಮರೆತೇಹೋಗಿತ್ತಂತೆ. ಅಡಗಿದುದು ಎಂಬರ್ಥದಲ್ಲಿ ಈ ಅನಿಲಕ್ಕೆ ಕ್ರಿಪ್ಟಾನ್ ಎಂದು ಹೆಸರಿಟ್ಟರು.

ಆದರೆ ಹುಡುಕಹೊರಟುದು ಹಗುರವಾದ ಅನಿಲವನ್ನು, ದೊರೆತುದು ಭಾರವಾದುದು. ಆದುದರಿಂದ ಜೂನ್ ತಿಂಗಳಲ್ಲಿ ಆರ್ಗಾನನ್ನು ದ್ರವವಾಗಿಸಿ, ಅದರಿಂದ ಮೊಟ್ಟಮೊದಲು ಹೊರಟ ಆವಿಯನ್ನು ಹಿಡಿದು ನಳಿಗೆಯಲ್ಲಿ ತುಂಬಿದರು. ಈ ಸಲ ರೋಹಿತದರ್ಶಕವನ್ನು ಕಣ್ಣಿಗೆ ಹಿಡಿಯುವ ಅವಶ್ಯಕತೆಯೇ ಬೀಳಲಿಲ್ಲ. ನಳಿಗೆಯು ಬರಿಗಣ್ಣಿಗೇ ಕಡುಗೆಂಪಾಗಿ ಉರಿಯಿತು. ರಾಮ್‌ಸೇಯವರ ಹದಿಮೂರು ವರ್ಷದ ಮಗನು ಹೊಸದು ಎಂಬರ್ಥದ ಲ್ಯಾಟಿನ್ ಶಬ್ದವನ್ನು ಸೂಚಿಸಿದನು. ತಂದೆಯು ಅದನ್ನು ಗ್ರೀಕ್ ರೂಪಕ್ಕೆ ತಿರುಗಿಸಿ ನಿಯಾನ್ ಎಂದರು. ಜುಲೈ ತಿಂಗಳಲ್ಲಿ ಕ್ರಿಪ್ಟಾನನ್ನು ಮತ್ತೆ ಮತ್ತೆ ಶುದ್ಧಿಗೊಳಿಸುತ್ತಿರುವಾಗ ತಳದಲ್ಲಿ ಒಂದು ಗುಳ್ಳೆಯಷ್ಟು ಅನಿಲ ಉಳಿಯಿತು. ನಳಿಗೆಯಲ್ಲಿ ಅದು ನೀಲಿಯ ಬೆಳಕನ್ನು ಬೀರಿತು. ಪರಕೀಯ ಎಂಬರ್ಥದ ಕ್ಸೆನಾನ್ ಎಂಬುದು ಅದರ ಹೆಸರಾಯಿತು. ಹೀಗೆ ಎರಡು ತಿಂಗಳೊಳಗಾಗಿ ಮೂರು ಮೂಲವಸ್ತುಗಳು ಬೆಳಕಿಗೆ ಬಂದುವು. ಇವು ಎಷ್ಟು ವಿರಳವೆಂದರೆ, ಹತ್ತು ಲಕ್ಷ ಭಾಗ ವಾಯುವಿನಲ್ಲಿ ನಿಯಾನ್ ೧೮ ಭಾಗ, ಕ್ರಿಪ್ಟಾನ್ ಸುಮಾರು ಒಂದು ಭಾಗ. ಕ್ಸೆನಾನಾದರೋ ಒಂದು ಕೋಟಿ ಭಾಗದಲ್ಲಿ ಒಂದು ಭಾಗದಷ್ಟೂ ಇಲ್ಲ.

ಇದೇ ಬೇಸಿಗೆಯಲ್ಲಿ ನಡೆದ ಒಂದು ತಪ್ಪನ್ನೂ ಇಲ್ಲಿ ಹೇಳುವುದು ಯುಕ್ತ. ಮೆಟಾರ್ಗಾನ್ ಎಂಬ ಇನ್ನೊಂದು ಮೂಲವಸ್ತುವನ್ನೂ ಕಂಡೆವೆಂದು ಇವರು ಪ್ರಕಟಿಸಿದ್ದರು. ಅದು ಇಂಗಾಲದ ಕಲ್ಮಶ ಸೇರಿದ ಆರ್ಗಾನ್ ಎಂದು ಆ ಬಳಿಕ ತಿಳಿದುಬಂದಿತು, ಹೆಸರನ್ನು ಕೈಬಿಟ್ಟರು. ಶೋಧದ ಆತುರಕ್ಕೆ ಅತಿ ನಿಪುಣರೂ ಒಮ್ಮೊಮ್ಮೆ ಮಣಿಯುವುದುಂಟು.

ನಿಯಾನ್ ಅನಿಲವನ್ನು ಹೀಲಿಯಮ್ಮಿನಿಂದ ಬಿಡಿಸಲು ದ್ರವವಾಯುವಿನ ತಂಪು ಸಾಲದು, ದ್ರವಜಲಜನಕ ಬೇಕು. ಅದನ್ನು ಸಿದ್ಧಪಡಿಸಬಲ್ಲ ಪ್ರಯೋಗಶಾಲೆಗಳು ಆಗ ಬೆರಳೆಣಿಕೆಯಷ್ಟೂ ಇರಲಿಲ್ಲ. ಟ್ರಾವರ್ಸರು ೧೯೦೦ರಲ್ಲಿ ತಾವೇ ಯಂತ್ರವನ್ನು ರಚಿಸಿ ಜಲಜನಕವನ್ನು ದ್ರವೀಕರಿಸಿದರು. ಅನಿಲಗಳ ಪ್ರಾಯೋಗಿಕ ಅಧ್ಯಯನವನ್ನು ಕುರಿತ ಅವರ ಗ್ರಂಥವು ೧೯೦೧ರಲ್ಲಿ ಹೊರಬಂದಿತು. ೧೯೦೪ರಲ್ಲಿ ಬ್ರಿಸ್ಟಲ್ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕ ಪದವಿಯೂ ರಾಯಲ್ ಸೊಸೈಟಿಯ ಸದಸ್ಯತ್ವವೂ ಅವರಿಗೆ ಲಭಿಸಿದುವು. ಅದೇ ವರ್ಷ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ರಾಮ್‌ಸೇಯವರಿಗೆ ಸಂದಿತು. ಟ್ರಾವರ್ಸರಿಗೆ ಅದರಲ್ಲಿ ಪಾಲು ಬರಲಿಲ್ಲ.

೫. ಬೆಂಗಳೂರಿನ ದಾರಿ

ಲಂಡನ್ನಿನಲ್ಲಿ ಈ ಕಾರ್ಯಗಳು ನಡೆಯುತ್ತಿದ್ದಾಗ ಮುಂಬಯಿಯಲ್ಲಿ ಜಮಶೇಟಜಿ ನಸರವಾನಜಿ ಟಾಟಾ ಅವರು ಭಾರತದಲ್ಲಿ ಉನ್ನತ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಲು ಸುಮಾರು ೩೦ ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮೀಸಲಿಟ್ಟಿದ್ದರು. ಅವರ ಆಪ್ತರಾದ ಬರ್ಜೋರ್ಜಿ ಪಾದಶಾ ಅವರು ವಿದೇಶಗಳ ವಿದ್ಯಾಪೀಠಗಳನ್ನು ಸುತ್ತಿನೋಡಿ ಯೋಜನೆಯನ್ನು ಸಿದ್ಧಪಡಿಸಿದರು. ೧೮೯೮ರ ಡಿಸೆಂಬರ್ ೩೧ರಂದು ಅದನ್ನು ಹೊಸ ವೈಸರಾಯ್ ಲಾರ್ಡ್ ಕರ್ಜನ್ನರ ಮುಂದಿಟ್ಟರು. ಇಂತಹ ಸಂಸ್ಥೆಗೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ದೊರೆತಾರೆಯೇ, ಕಲಿತು ಹೊರಬಂದವರಿಗೆ ಉದ್ಯೋಗವೆಲ್ಲಿದೆ ಎಂಬುದು ಕರ್ಜನ್ನರ ಸಂಶಯ. ಯೋಜನೆಯನ್ನು ಪರಿಶೀಲಿಸಲು ಇಂಗ್ಲೆಂಡಿನಿಂದ ಬಂದವರು ವಿಲಿಯಂ ರಾಮ್‌ಸೇಯವರೇ. ಅವರು ೧೯೦೦ರ ಕೊನೆಯಲ್ಲಿ ಬಂದು, ದೇಶವನ್ನು ಸಂಚರಿಸಿ, ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಅಭಿಪ್ರಾಯಪಟ್ಟರು. ಮೈಸೂರು ಸಂಸ್ಥಾನವು ಭೂಮಿಯನ್ನೂ ದ್ರವ್ಯವನ್ನೂ ಕೊಡಲು ಮುಂದೆಬಂದಿತು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುತ್ ಯೋಜನೆಯು ೧೯೦೨ರಲ್ಲಿ ಫಲಿಸಿತು. ಸಂಶೋಧನೆಗೆ ಬೇಕಾದ ಹವೆ, ನೆಲ, ವಿದ್ಯುತ್ತು ಹೀಗೆ ಒಂದೆಡೆ ಕೂಡಿದುವು.

ಟಾಟಾ ಅವರು ತಮ್ಮ ಕನಸು ನನಸಾಗುವುದನ್ನು ಕಾಣದೆ ೧೯೦೪ರ ಮೇ ತಿಂಗಳಲ್ಲಿ ತೀರಿಕೊಂಡರು. ೧೯೦೬ರಲ್ಲಿ ಸಂಸ್ಥೆಯ ನಿರ್ದೇಶಕ ಪದಕ್ಕೆ ಟ್ರಾವರ್ಸರ ನೇಮಕವಾಯಿತು. ಅದೇ ವರ್ಷದ ಕೊನೆಯಲ್ಲಿ ಅವರು ಬೆಂಗಳೂರನ್ನು ಸೇರಿದರು. ನಿರ್ದೇಶಕರಿದ್ದರು, ಸಂಸ್ಥೆ ಮಾತ್ರ ಇನ್ನೂ ಕಾಗದದ ಮೇಲೆಯೇ ಇತ್ತು.

೬. ಬೆಂಗಳೂರಿನ ಎಂಟು ವರ್ಷಗಳು

೧೯೦೭ರಲ್ಲಿ ಕೃಷ್ಣರಾಜ ಒಡೆಯರ ಸರಕಾರವು ೩೭೧ ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತು. ಆದರೆ ಭಾರತ ಸರಕಾರ, ಮೈಸೂರು ಸಂಸ್ಥಾನ, ಟಾಟಾ ಮನೆತನ ಈ ಮೂವರ ಒಪ್ಪಿಗೆಯಿಲ್ಲದೆ ಯಾವ ಹೆಜ್ಜೆಯನ್ನೂ ಇಡುವಂತಿರಲಿಲ್ಲ. ಸಂಸ್ಥೆಯ ಕಾನೂನುಬದ್ಧ ಸ್ಥಾಪನೆಯ ಆಜ್ಞೆ ಹೊರಟುದು ೧೯೦೯ರ ಮೇ ೨೭ರಂದು. ಕಟ್ಟಡದ ಶಂಕುಸ್ಥಾಪನೆಯನ್ನು ಕೃಷ್ಣರಾಜ ಒಡೆಯರು ನೆರವೇರಿಸಿದುದು ೧೯೧೧ರ ಫೆಬ್ರವರಿ ೧ರಂದು. ಮೊದಲ ವಿದ್ಯಾರ್ಥಿಗಳ ಪ್ರವೇಶವಾದುದು ಅದೇ ವರ್ಷದ ಜುಲೈ ೨೪ರಂದು. ಆಗ ತೆರೆದ ವಿಭಾಗಗಳೆರಡು: ನಾರ್ಮನ್ ರುಡಾಲ್ಫ್ ಅವರ ನೇತೃತ್ವದಲ್ಲಿ ಸಾಮಾನ್ಯ ಮತ್ತು ಅನ್ವಯಿಕ ರಸಾಯನಶಾಸ್ತ್ರ, ಆಲ್ಫ್ರೆಡ್ ಹೇ ಅವರ ನೇತೃತ್ವದಲ್ಲಿ ವಿದ್ಯುತ್ ತಂತ್ರಶಾಸ್ತ್ರ. ಸ್ವಲ್ಪ ಕಾಲದಲ್ಲಿಯೇ ಸಡ್‌ಬರೋ ಅವರ ಸಾವಯವ ರಸಾಯನಶಾಸ್ತ್ರ ವಿಭಾಗವೂ ಸೇರಿತು.

ಈ ತಾರೀಖುಗಳನ್ನು ಗಮನಿಸಿದರೆ ಟ್ರಾವರ್ಸರ ಪರಿಸ್ಥಿತಿ ಮನದಟ್ಟಾಗುತ್ತದೆ. ಬಂದ ಮೇಲೆ ನಾಲ್ಕೂವರೆ ವರ್ಷ ಕಳೆಯುವವರೆಗೆ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ. ನಕ್ಷೆ, ಅಂದಾಜುಪಟ್ಟಿ, ಉಪಕರಣಗಳ ಖರೀದಿ, ನೇಮಕಾತಿ, ಪತ್ರವ್ಯವಹಾರಗಳಲ್ಲಿಯೇ ಅವರ ಕಾಲವು ಸಾಗಿತು. ೧೯೧೦ರಲ್ಲಿ ಪ್ಯಾರಿಸ್ಸಿನಲ್ಲಿ ಜಾರ್ಜ್ ಕ್ಲಾಡ್ ಅವರು ನಿಯಾನ್ ತುಂಬಿದ ಉದ್ದನೆಯ ನಳಿಗೆಗಳನ್ನು ಬೆಳಗಿಸಿ ಸಾರ್ವಜನಿಕರಿಗೆ ತೋರಿಸಿದರು. ಆ ಅನಿಲದ ಶೋಧಕರಲ್ಲೊಬ್ಬರು ಆಗ ಬೆಂಗಳೂರಿನಲ್ಲಿ, ಇನ್ನೂ ಶಂಕುಸ್ಥಾಪನೆಯಾಗದ ಕಟ್ಟಡದ ಕಾಗದಪತ್ರಗಳ ನಡುವೆ ಕುಳಿತಿದ್ದರು.

ಇಲ್ಲಿ ನಮ್ಮ ನಾಲ್ಕು ತಾಲೂಕುಗಳ ಕಡೆಗೆ ಒಮ್ಮೆ ತಿರುಗಿ ನೋಡೋಣ. ೧೯೧೧ರಲ್ಲಿ ಇವು ಮೈಸೂರಿನ ಆಳ್ವಿಕೆಗೆ ಸೇರದೆ ಮುಂಬಯಿ ಇಲಾಖೆಯಲ್ಲಿದ್ದುವು. ಧಾರವಾಡದ ಕರ್ನಾಟಕ ಕಾಲೇಜು ಸ್ಥಾಪನೆಯಾದುದು ೧೯೧೭ರಲ್ಲಿ. ಅದಕ್ಕೆ ಮೊದಲು ಈ ಭಾಗದ ಹುಡುಗನಿಗೆ ಪದವಿ ಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಸಿಂದಗಿ ಮುದ್ದೇಬಿಹಾಳಗಳವರು ಎತ್ತಿನ ಗಾಡಿಯಲ್ಲಿ ಬಂದು ರೈಲನ್ನು ಹಿಡಿಯಬೇಕು. ಹೋಟಗಿ ಗದಗ ಮಾರ್ಗದ ಇಂಡಿ ರೋಡ್, ಬಾಗೇವಾಡಿ ರೋಡ್ ನಿಲ್ದಾಣಗಳಿಂದ ಉತ್ತರಕ್ಕೆ ಹೊರಟರೆ ಸೊಲ್ಲಾಪುರ, ಪುಣೆ. ದಕ್ಷಿಣಕ್ಕೆ ಹೊರಟರೆ ಗದಗ, ಹುಬ್ಬಳ್ಳಿ, ಬೆಂಗಳೂರು. ವಿದ್ಯೆಗಾಗಿ ಹೊರಟವರ ದಿಕ್ಕು ಅಂದಿನವರೆಗೆ ಉತ್ತರವೇ ಆಗಿತ್ತು. ಬೆಂಗಳೂರಿನ ಸಂಸ್ಥೆಯು ಮೈಸೂರಿನ ನೆಲದಲ್ಲಿದ್ದರೂ ಅಖಿಲ ಭಾರತದ ಪದವೀಧರರಿಗೆ ತೆರೆದಿತ್ತು. ರಾಜಕೀಯವಾಗಿ ಕರ್ನಾಟಕವು ಒಂದಾಗುವುದಕ್ಕೆ ನಲವತ್ತೈದು ವರ್ಷ ಮೊದಲು, ಗಡಿಗಳನ್ನು ಕೇಳದ ಒಂದು ಉನ್ನತ ವಿದ್ಯಾಸ್ಥಾನವು ಹೀಗೆ ಕನ್ನಡ ನೆಲದಲ್ಲಿ ಬಾಗಿಲು ತೆರೆಯಿತು.

ಆದರೆ ಒಳಗೆ ಸಾಮರಸ್ಯವಿರಲಿಲ್ಲ. ನಿರ್ದೇಶಕನ ಅಧಿಕಾರ ಎಲ್ಲಿಯವರೆಗೆ, ಆಡಳಿತ ಮಂಡಲಿಯ ಅಧಿಕಾರ ಎಲ್ಲಿಂದ, ವೆಚ್ಚದ ಮೇಲೆ ಹಿಡಿತ ಯಾರದು ಎಂಬ ವಿಷಯಗಳಲ್ಲಿ ತೀವ್ರವಾದ ಭಿನ್ನಾಭಿಪ್ರಾಯಗಳು ಬೆಳೆದುವು. ಯೋಜನೆಯನ್ನು ಮೊದಲಿನಿಂದ ಹೊತ್ತು ನಡೆಸಿದವರಿಗೆ ಅದು ತಮ್ಮ ಕೂಸು. ಪ್ರಯೋಗಶಾಲೆಯ ಪ್ರತಿಯೊಂದು ಕೊಳವೆಯನ್ನೂ ತನ್ನ ಕೈಯಿಂದಲೇ ಜೋಡಿಸಿ ಅಭ್ಯಾಸವಿದ್ದ ನಿರ್ದೇಶಕರಿಗೆ ಇತರರ ಹಸ್ತಕ್ಷೇಪ ಸಹನೆಯಾಗದು. ೧೯೧೪ರಲ್ಲಿ ಟ್ರಾವರ್ಸರು ರಾಜೀನಾಮೆಯಿತ್ತು ಇಂಗ್ಲೆಂಡಿಗೆ ಮರಳಿದರು. ಸಂಸ್ಥೆಯ ಸಂಶೋಧನ ಪತ್ರಿಕೆಯ ಮೊದಲನೆಯ ಸಂಪುಟವು ಪ್ರಾರಂಭವಾದುದೂ ಅದೇ ೧೯೧೪ರಲ್ಲಿ. ಬಿತ್ತಿದವರು ಹೊರಡುವ ವೇಳೆಗೆ ಮೊದಲ ತೆನೆ ಕಾಣಿ‌ಸಿಕೊಂಡಿತ್ತು.

೭. ಉತ್ತರ ಜೀವನ

ಊರಿಗೆ ಮರಳುವಷ್ಟರಲ್ಲಿ ಮಹಾಯುದ್ಧ ಆರಂಭವಾಗಿತ್ತು. ಪ್ರಯೋಗಶಾಲೆಯ ಗಾಜಿಗಾಗಿ ಇಂಗ್ಲೆಂಡು ಜರ್ಮನಿಯನ್ನೇ ನೆಚ್ಚಿಕೊಂಡಿತ್ತು. ಯುದ್ಧದಿಂದ ಆ ಗಾಜು ನಿಂತುಹೋಯಿತು. ಟ್ರಾವರ್ಸರು ವಾಲ್ಥಮ್‌ಸ್ಟೋದ ಡ್ಯೂರೋಗ್ಲಾಸ್ ಕಾರಖಾನೆಯಲ್ಲಿ ವೈಜ್ಞಾನಿಕ ಗಾಜಿನ ತಯಾರಿಕೆಯನ್ನು ನಿರ್ದೇಶಿಸಿದರು. ತಾರುಣ್ಯದಲ್ಲಿ ಕಲಿತ ಗಾಜಿನ ವಿದ್ಯೆ ಹೀಗೆ ದೇಶದ ಆಪತ್ತಿಗೆ ಒದಗಿತು. ೧೯೨೦ರಿಂದ ಕುಲುಮೆ ಮತ್ತು ಇಂಧನಗಳ ಉದ್ಯಮದಲ್ಲಿದ್ದು, ೧೯೨೭ರಲ್ಲಿ ಬ್ರಿಸ್ಟಲ್ಲಿಗೆ ಮರಳಿ, ೧೯೩೭ರವರೆಗೆ ಉಷ್ಣದಿಂದ ಸಾವಯವ ಅನಿಲಗಳು ವಿಘಟನೆ ಹೊಂದುವ ಬಗೆಯನ್ನು ಕುರಿತು ಸಂಶೋಧನೆ ನಡೆಸಿದರು. ಫ್ಯಾರಡೇ ಸೊಸೈಟಿಯು ೧೯೩೬ರಲ್ಲಿ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ವಿರಳ ಅನಿಲಗಳ ಶೋಧದ ಕಥೆಯನ್ನು ೧೯೨೮ರಲ್ಲಿಯೂ ಗುರುಗಳಾದ ರಾಮ್‌ಸೇಯವರ ಜೀವನಚರಿತ್ರೆಯನ್ನು ೧೯೫೬ರಲ್ಲಿಯೂ ಪ್ರಕಟಿಸಿದರು. ಎರಡನೆಯದು ಬಂದಾಗ ಅವರಿಗೆ ಎಂಬತ್ತನಾಲ್ಕು ವರ್ಷ. ವಿಜ್ಞಾನಿಯು ಕೊನೆಗೆ ಇತಿಹಾಸಕಾರನಾದುದು ನಮ್ಮಂಥವರಿಗೆ ಸಂತೋಷದ ಸಂಗತಿ.

೧೯೬೧ರ ಆಗಸ್ಟ್ ೨೫ರಂದು ಅವರು ದಿವಂಗತರಾದರು. ಅದರ ಹಿಂದಿನ ವರ್ಷವೇ ಮೀಟರಿನ ಉದ್ದವನ್ನು ಕ್ರಿಪ್ಟಾನಿನ ಬೆಳಕಿನ ಅಲೆಗಳಿಂದ ಅಳೆಯಬೇಕೆಂದು ಅಂತರರಾಷ್ಟ್ರೀಯ ನಿರ್ಣಯವಾಗಿತ್ತು; ೧೯೮೩ರವರೆಗೆ ಅದೇ ಜಾರಿಯಲ್ಲಿತ್ತು. ಅವರು ತೀರಿಕೊಂಡ ಕೆಲವೇ ತಿಂಗಳಲ್ಲಿ, ೧೯೬೨ರಲ್ಲಿ, ಕೆನಡಾದ ನೀಲ್ ಬಾರ್ಟ್ಲೆಟ್ ಅವರು ಕ್ಸೆನಾನನ್ನು ಪ್ಲಾಟಿನಂ ಹೆಕ್ಸಾಫ್ಲೋರೈಡಿನೊಡನೆ ಕೂಡಿಸಿ ಒಂದು ಸಂಯುಕ್ತವನ್ನು ಪಡೆದರು. ಯಾವುದರೊಡನೆಯೂ ಕೂಡದೆಂದು ಅರುವತ್ತು ವರ್ಷಕ್ಕೂ ಮಿಕ್ಕಿ ನಂಬಿದ್ದ ಜಡಾನಿಲವು ಕಡೆಗೂ ಕೂಡಿತು. ಜಡವೆಂಬ ಹೆಸರು ಅಂದಿನಿಂದ ಬಿಗಿ ಕಳೆದುಕೊಂಡಿತು.

೮. ವಿಮರ್ಶೆ

ಈಗ ಆರಂಭದ ಪ್ರಶ್ನೆಗೆ ಬರೋಣ. ಸಂಶೋಧನೆಯ ದೃಷ್ಟಿಯಿಂದ ಮಾತ್ರ ನೋಡುವುದಾದರೆ ಬೆಂಗಳೂರಿನ ವರ್ಷಗಳು ಟ್ರಾವರ್ಸರಿಗೆ ನಷ್ಟವೇ ಸರಿ. ೧೯೦೬ಕ್ಕೆ ಮೊದಲಿನ ಕೆಲಸದ ಎತ್ತರವನ್ನು ಅವರು ಮತ್ತೆ ಮುಟ್ಟಲಿಲ್ಲ. ಅವರ ವ್ಯವಸ್ಥೆಯಲ್ಲಿ ದೋಷಗಳೂ ಇದ್ದುವು. ಮೊದಲ ಪ್ರಾಧ್ಯಾಪಕರೆಲ್ಲರೂ ಯುರೋಪಿಯನ್ನರು. ಯೋಗ್ಯ ಭಾರತೀಯರು ಆಗ ಇರಲಿಲ್ಲವೆಂಬ ಸಮಾಧಾನವು ನಿಲ್ಲತಕ್ಕದ್ದಲ್ಲ. ಏಕೆಂದರೆ ಟ್ರಾವರ್ಸರು ನಿಯಾನನ್ನು ಕಾಣುವುದಕ್ಕೂ ಮೊದಲೇ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯರು ಪಾದರಸದ ನೈಟ್ರೈಟ್ ಸಂಯುಕ್ತವನ್ನು ಸಿದ್ಧಪಡಿಸಿ, ನಿರವಯವ ರಸಾಯನಶಾಸ್ತ್ರದಲ್ಲಿ ಭಾರತೀಯ ಶಿಷ್ಯವರ್ಗವೊಂದನ್ನು ಕಟ್ಟತೊಡಗಿದ್ದರು. ಬೆಂಗಳೂರಿನ ಸಂಸ್ಥೆಗೆ ಭಾರತೀಯ ನಿರ್ದೇಶಕರು, ಸಿ. ವಿ. ರಾಮನ್ನರು, ಬಂದುದು ೧೯೩೩ರಲ್ಲಿ.

ಇದೆಲ್ಲವನ್ನೂ ಒಪ್ಪಿದ ಮೇಲೂ ನಮ್ಮ ನಿರ್ಣಯ ಬೇರೆಯಾಗಿದೆ. ಸಂಸ್ಥೆಯೊಂದರ ಮೊದಲ ವರ್ಷಗಳನ್ನು ಅದರಿಂದ ಹೊರಟ ಪ್ರಬಂಧಗಳ ಸಂಖ್ಯೆಯಿಂದ ಅಳೆಯಲಾಗದು. ವಿದ್ಯಾರ್ಥಿಯಿಲ್ಲದ, ಕಟ್ಟಡವಿಲ್ಲದ ನಾಲ್ಕೂವರೆ ವರ್ಷ ಬರಿಯ ಬಯಲಿನಲ್ಲಿ ಯೋಜನೆಯನ್ನು ಬಿಡದೆ ಹಿಡಿದು ನಿಂತವರು ಬೇಕಾಗಿತ್ತು, ಟ್ರಾವರ್ಸರು ನಿಂತರು. ಬೋಧನೆಗಿಂತ ಪ್ರಯೋಗಕ್ಕೆ ಅಗ್ರಸ್ಥಾನವಿರಬೇಕೆಂಬ ಪದ್ಧತಿಯನ್ನು, ರಸಾಯನಶಾಸ್ತ್ರವು ನಾಡಿನ ಉದ್ಯಮಗಳಿಗೆ ನೆರವಾಗಬೇಕೆಂಬ ಧೋರಣೆಯನ್ನು ಆ ಮೊದಲ ವಿಭಾಗಗಳು ತಂದುವು. ಸಡ್‌ಬರೋ ಮತ್ತು ವಾಟ್ಸನ್ ಅವರು ಅಲ್ಲಿಯೇ ಶ್ರೀಗಂಧದ ಎಣ್ಣೆಯನ್ನು ಭಟ್ಟಿಯಿಳಿಸಿ ತೋರಿಸಿದರು. ೧೯೧೬ರಲ್ಲಿ ಮೈಸೂರು ಸರಕಾರದ ಗಂಧದೆಣ್ಣೆಯ ಉದ್ಯಮ ಆರಂಭವಾಯಿತು. ಅದೇ ಆವರಣದಲ್ಲಿ ೧೯೭೬ರಲ್ಲಿ ಸಿ. ಎನ್. ಆರ್. ರಾವ್ ಅವರು ಘನಸ್ಥಿತಿ ರಸಾಯನಶಾಸ್ತ್ರದ ಘಟಕವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ಹುಟ್ಟಿದ ಆ ವಿಜ್ಞಾನಿ ೧೯೮೪ರಿಂದ ೧೯೯೪ರವರೆಗೆ, ಒಮ್ಮೆ ಟ್ರಾವರ್ಸರದಾಗಿದ್ದ ನಿರ್ದೇಶಕ ಪದದಲ್ಲಿದ್ದರು. ಕರ್ಜನ್ನರ ಸಂಶಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಇತಿಹಾಸಕಾರರು ಜಗಳವನ್ನು ಸುಲಭವಾಗಿ ನೆನಪಿಡುತ್ತಾರೆ. ಏಕೆಂದರೆ ಜಗಳವು ಕಾಗದದ ಮೇಲೆ ಬರುತ್ತದೆ. ತಾಳ್ಮೆಗೆ ದಾಖಲೆಗಳಿರುವುದು ಕಡಿಮೆ. ಖನಿಜಗಳನ್ನು ಕಾಯಿಸಿ ಕಾಯಿಸಿ ಏನನ್ನೂ ಕಾಣದ ವರ್ಷಗಳಿಲ್ಲದಿದ್ದರೆ ೧೮೯೮ರ ಬೇಸಿಗೆಯು ಟ್ರಾವರ್ಸರಿಗೆ ಬರುತ್ತಿರಲಿಲ್ಲ. ಬೆಂಗಳೂರಿನ ಎಂಟು ವರ್ಷಗಳೂ ಅಂತಹವೇ. ಭೇದವಿಷ್ಟೇ: ಆ ಬರಿದಾದ ವರ್ಷಗಳ ಫಲವು ಅವರಿಗೇ ದೊರೆಯಿತು, ಈ ವರ್ಷಗಳ ಫಲವು ನಮಗೆ ದೊರೆಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಿದ್ಯಾರ್ಥಿಯು ಆವರ್ತ ಕೋಷ್ಟಕದ ಬಲತುದಿಯನ್ನು ನೋಡುವಾಗ, ಆ ಸಾಲಿನ ಮೊದಲ ಸುಳಿವು ತನ್ನ ಹಿರಿಯರು ಗ್ರಹಣಕ್ಕೆಂದು ಮನೆಯ ಬಾಗಿಲು ಮುಚ್ಚಿ ಕುಳಿತಿದ್ದ ದಿನ ತನ್ನೂರ ಆಕಾಶದಲ್ಲಿ ಹೊಳೆದುಹೋಯಿತೆಂಬುದನ್ನು ಅರಿತಿರಲಿ. ಅದನ್ನು ತಿಳಿಸಿಕೊಡುವ ಹೊಣೆ ರಸಾಯನಶಾಸ್ತ್ರದ ಅಧ್ಯಾಪಕರದು ಎಷ್ಟೋ, ಇತಿಹಾಸದ ಅಧ್ಯಾಪಕರಾದ ನಮ್ಮದೂ ಅಷ್ಟೇ.